ಜೂಲಿಯಾ ಮಾರ್ಗರೆಟ್ ಕ್ಯಾಮರಾನ್

ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ (ಜೂನ್ 11, 1815 – ಜನವರಿ 26, 1879) ಅವರು 19ನೇ ಶತಮಾನದ ಪ್ರಸಿದ್ಧ ಬ್ರಿಟಿಷ್ ಛಾಯಾಗ್ರಾಹಕಿ. ಮುಖವನ್ನು ಬಹು ಸಮೀಪದಿಂದ ಸೆರೆಹಿಡಿದು, ಉಳಿದುದನ್ನು ಮಸುಕಿನಲ್ಲಿಯೋ ಕತ್ತಲೆಯಲ್ಲಿಯೋ ಕರಗಿಸುವ ಭಾವಚಿತ್ರಗಳಿಂದ ಖ್ಯಾತರಾದರು. ಈ ಮಸುಕು ಕೌಶಲದ ಕೊರತೆಯೋ ಕಲಾವಿದೆಯ ಆಯ್ಕೆಯೋ ಎಂಬ ವಿವಾದ ಅವರ ಜೀವಿತಕಾಲದಲ್ಲಿಯೇ ಆರಂಭವಾಯಿತು.

ಆರಂಭಿಕ ಜೀವನ

ಕ್ಯಾಮರಾನ್ ಕಲ್ಕತ್ತೆಯಲ್ಲಿ ಜನಿಸಿದರು. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ತಾಯಿ ಫ್ರೆಂಚ್ ಮೂಲದವರು. 1838ರಲ್ಲಿ ತಮಗಿಂತ ಇಪ್ಪತ್ತು ವರ್ಷ ಹಿರಿಯರಾದ ಚಾರ್ಲ್ಸ್ ಹೇ ಕ್ಯಾಮರಾನ್ ಅವರನ್ನು ವಿವಾಹವಾದರು. ಚಾರ್ಲ್ಸ್ ಅವರು ಮೆಕಾಲೆಯೊಂದಿಗೆ ಭಾರತದ ಕಾನೂನು ಆಯೋಗದಲ್ಲಿದ್ದ ನ್ಯಾಯಶಾಸ್ತ್ರಜ್ಞ. (ಮನೆತನದ ಈ ಹೆಸರಿಗೂ ಕ್ಯಾಮರಾ ಎಂಬ ಪದಕ್ಕೂ ಸಂಬಂಧವಿಲ್ಲ.) 1848ರಲ್ಲಿ ಕುಟುಂಬ ಇಂಗ್ಲೆಂಡಿಗೆ ತೆರಳಿ, 1860ರಲ್ಲಿ ವೈಟ್ ದ್ವೀಪದ ಫ್ರೆಷ್‌ವಾಟರ್‌ನಲ್ಲಿ ಕವಿ ಟೆನಿಸನ್‌ರ ನೆರೆಯಲ್ಲಿ ನೆಲೆಸಿತು.

ಛಾಯಾಗ್ರಹಣ

1863ರ ಡಿಸೆಂಬರ್‌ನಲ್ಲಿ ಮಗಳು ಮತ್ತು ಅಳಿಯ ಅವರಿಗೆ ಕ್ಯಾಮರಾವೊಂದನ್ನು ಉಡುಗೊರೆಯಾಗಿ ನೀಡಿದರು. ಆಗ ಅವರಿಗೆ 48 ವರ್ಷ. ಕಲ್ಲಿದ್ದಲಿನ ಕೋಣೆ ಕತ್ತಲ ಕೋಣೆಯಾಯಿತು. ಗಾಜು ಹೊದಿಸಿದ್ದ ಕೋಳಿಗೂಡು ಚಿತ್ರಶಾಲೆಯಾಯಿತು. ಮರುತಿಂಗಳೇ ಆನಿ ಫಿಲ್ಪಾಟ್ ಎಂಬ ಬಾಲಕಿಯ ಚಿತ್ರ ತೆಗೆದು, ಅದನ್ನೇ ತಮ್ಮ ಮೊದಲ ಯಶಸ್ಸೆಂದು ಪರಿಗಣಿಸಿದರು.

ಅಂದಿನ ವೃತ್ತಿಪರ ಸ್ಟುಡಿಯೋಗಳು ಕಂಬ, ಪರದೆ, ಕುರ್ಚಿಗಳ ನಡುವೆ ವ್ಯಕ್ತಿಯನ್ನು ನಿಲ್ಲಿಸಿ, ಎಲ್ಲವೂ ಸಮಾನವಾಗಿ ಸ್ಪಷ್ಟವಾಗಿರುವಂತೆ ಚಿತ್ರ ತೆಗೆಯುತ್ತಿದ್ದವು. ಕ್ಯಾಮರಾನ್ ಅವರದು ಇದಕ್ಕೆ ವಿರುದ್ಧವಾದ ಮಾರ್ಗ. ಅವರು ಬಳಸಿದ್ದು ಒದ್ದೆ ಕೊಲೋಡಿಯನ್ ಲೇಪಿಸಿದ ದೊಡ್ಡ ಗಾಜಿನ ಫಲಕಗಳನ್ನು: ಮೊದಲು 11×9 ಅಂಗುಲ, 1866ರಿಂದ 15×12 ಅಂಗುಲ. ಫಲಕ ದೊಡ್ಡದಾಗಿ, ಮಸೂರದ ದ್ವಾರ ಅಗಲವಾಗಿ, ವ್ಯಕ್ತಿ ಸಮೀಪದಲ್ಲಿದ್ದಾಗ ಸ್ಪಷ್ಟವಾಗಿ ಮೂಡುವ ಅಂತರ ಅತ್ಯಲ್ಪವಾಗುತ್ತದೆ; ಕಣ್ಣು ಸ್ಪಷ್ಟವಾಗಿದ್ದರೂ ಕಿವಿ, ಭುಜ, ಹಿನ್ನೆಲೆಗಳು ಮಸುಕಾಗುತ್ತವೆ. ಇಂದಿನ ಭಾವಚಿತ್ರಗಳಲ್ಲಿ ಹಿನ್ನೆಲೆ ಮಸುಕಾಗುವುದೂ ಇದೇ ನಿಯಮದಿಂದ. ಚಿತ್ರ ಮೂಡಲು ಕೆಲವು ನಿಮಿಷಗಳೇ ಬೇಕಾಗುತ್ತಿದ್ದುದರಿಂದ ಕುಳಿತವರ ಅಲುಗಾಟವೂ ಅದಕ್ಕೆ ಸೇರುತ್ತಿತ್ತು. 1867ರಲ್ಲಿ ತೆಗೆದ ವಿಜ್ಞಾನಿ ಜಾನ್ ಹರ್ಷೆಲ್‌ರ ಚಿತ್ರದಲ್ಲಿ ಕೆದರಿದ ಬಿಳಿಗೂದಲು ಮತ್ತು ಮುಖವಷ್ಟೇ ಕಪ್ಪಿನಿಂದ ಹೊರಹೊಮ್ಮುತ್ತವೆ. ಕಾರ್ಲೈಲ್, ಡಾರ್ವಿನ್, ಟೆನಿಸನ್ ಮೊದಲಾದವರೂ ಅವರ ಮುಂದೆ ಕುಳಿತಿದ್ದರು.

ಟೀಕೆ ಮತ್ತು ಮನ್ನಣೆ

ಲಂಡನ್ನಿನ ಛಾಯಾಗ್ರಹಣ ಪತ್ರಿಕೆಗಳು ಅವರ ಫೋಕಸ್ ತಪ್ಪಿದೆಯೆಂದೂ ಫಲಕಗಳಲ್ಲಿ ಗೀರು, ಕಲೆಗಳಿವೆಯೆಂದೂ ಟೀಕಿಸಿದವು. ಕಲೆಗಳ ವಿಷಯದಲ್ಲಿ ಟೀಕೆ ನ್ಯಾಯವಾದುದೇ. ಫೋಕಸ್‌ನ ವಿಷಯ ಬೇರೆ. ಮೊದಲ ಮಸುಕು ಆಕಸ್ಮಿಕವೆಂದು ಅವರೇ 1874ರಲ್ಲಿ ಬರೆದ ಅಪೂರ್ಣ ಆತ್ಮಕಥನದಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ನಂತರ, ಚಿತ್ರ ಸುಂದರವಾಗಿ ಕಂಡ ಹಂತದಲ್ಲಿಯೇ ಮಸೂರವನ್ನು ನಿಲ್ಲಿಸಿ, ಇನ್ನಷ್ಟು ಸ್ಪಷ್ಟಗೊಳಿಸದೆ ಬಿಡುತ್ತಿದ್ದುದಾಗಿಯೂ ತಿಳಿಸಿದ್ದಾರೆ. ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯವು 1865ರಲ್ಲಿಯೇ ಅವರ ಚಿತ್ರಗಳನ್ನು ಕೊಂಡಿತು. ಮರುವರ್ಷ ಬರ್ಲಿನ್‌ನಲ್ಲಿ ಚಿನ್ನದ ಪದಕ ದೊರೆಯಿತು.

ಕೊನೆಯ ವರ್ಷಗಳು

1875ರಲ್ಲಿ ದಂಪತಿಗಳು ಕಾಫಿ ತೋಟಗಳಿದ್ದ ಸಿಲೋನ್‌ಗೆ (ಇಂದಿನ ಶ್ರೀಲಂಕಾ) ತೆರಳಿದರು. ಅಲ್ಲಿ ತೆಗೆದ ಚಿತ್ರಗಳಲ್ಲಿ ಕೆಲವು ಮಾತ್ರ ಉಳಿದಿವೆ. 1879ರಲ್ಲಿ ನಿಧನರಾದ ಅವರ ಸಮಾಧಿ ಬೊಗವಂತಲಾವದ ಚರ್ಚಿನ ಆವರಣದಲ್ಲಿದೆ. ಅವರು ಅನೇಕ ಬಾರಿ ಚಿತ್ರಿಸಿದ ಸೋದರಿಯ ಮಗಳು ಜೂಲಿಯಾ ಜಾಕ್ಸನ್ ಮುಂದೆ ಲೇಖಕಿ ವರ್ಜೀನಿಯಾ ವುಲ್ಫ್‌ರ ತಾಯಿಯಾದರು; 1926ರಲ್ಲಿ ವುಲ್ಫ್ ಮತ್ತು ರೋಜರ್ ಫ್ರೈ ಅವರ ಪ್ರಸ್ತಾವನೆಗಳೊಂದಿಗೆ ಪ್ರಕಟವಾದ ಸಂಕಲನವು ಕ್ಯಾಮರಾನ್ ಚಿತ್ರಗಳನ್ನು ಹೊಸ ಪೀಳಿಗೆಗೆ ತಲುಪಿಸಿತು.