ಕೊಲ್ಹಾಪುರದ ಶಾಹು ಮಹಾರಾಜರು ಮತ್ತು ಕುಸ್ತಿಯ ಮಣ್ಣು

ಒಲಿಂಪಿಕ್ ಕ್ರೀಡೋತ್ಸವವು ಮುಗಿದ ಕೂಡಲೆ ನಮ್ಮ ದೇಶದಲ್ಲಿ ಪದಕಗಳ ಲೆಕ್ಕ ಹಾಕುವ ಪದ್ಧತಿಯೊಂದು ಬೆಳೆದಿದೆ. 2024ರಲ್ಲಿ ಪ್ಯಾರಿಸ್ ನಗರದಿಂದ 140 ಕೋಟಿ ಜನರ ಭಾರತಕ್ಕೆ 6 ಪದಕಗಳು ಬಂದವು. ಇಷ್ಟು ದೊಡ್ಡ ದೇಶಕ್ಕೆ ಇಷ್ಟೇ ಏಕೆಂಬ ಹಳೆಯ ಪ್ರಶ್ನೆಯೂ ಅವುಗಳ ಬೆನ್ನಿಗೇ ಬಂದಿತು. ಕೆಲವರು ನಮ್ಮ ಆಹಾರವನ್ನು ದೂರುವರು, ಕೆಲವರು ಹವೆಯನ್ನು, ಹಲವರು ಕ್ರೀಡಾ ಸಂಘಗಳ ಅಧಿಕಾರಿಗಳನ್ನು. ಆಟಗಾರನು ಕಣಕ್ಕಿಳಿಯುವ ದಿನಕ್ಕಿಂತ ಮೂವತ್ತು ವರುಷ ಮೊದಲು ಆ ಸೀಮೆಯಲ್ಲಿ ಯಾರು ಏನನ್ನು ಬಿತ್ತಿದ್ದರೆಂಬದನ್ನು ವಿಚಾರಿಸುವವರು ಮಾತ್ರ ವಿರಳ. ಹಾಗೆ ಬಿತ್ತಿದವರೊಬ್ಬರ ಚರಿತ್ರೆಯನ್ನು ನಾವು ಇಂದು ವಾಚಕರ ಮುಂದಿಡಬಯಸುತ್ತೇವೆ.

ಕೊಲ್ಹಾಪುರದ ಶಾಹು ಮಹಾರಾಜರು ಮರಾಠಿ ಸಂಸ್ಥಾನದ ಒಡೆಯರಾಗಿದ್ದರೂ ನಮ್ಮ ನಾಡಿಗೆ ಪರಕೀಯರಲ್ಲ. ಘಟಪ್ರಭೆಯ ದಂಡೆಯ ಮಸಗುಪ್ಪಿಯಿಂದ ಹೊಳೆಯ ಗುಂಟ ಕೆಳಗೆ ಸಾಗಿದರೆ ಮುಧೋಳ ಸಿಕ್ಕುವದು. ಆ ಮುಧೋಳದ ಘೋರ್ಪಡೆ ಅರಸುಮನೆತನದ ಮಗಳಾದ ರಾಧಾಬಾಯಿಯವರೇ ಮಹಾರಾಜರ ಹೆತ್ತ ತಾಯಿ. ಇತ್ತ ಮೂಡಲಗಿಯ ನೆರೆಯ ರಾಯಬಾಗವೂ, ಅತ್ತ ರಾಮದುರ್ಗದ ಕಡೆಯ ಕಟಕೋಳವೂ ಕೊಲ್ಹಾಪುರ ಸಂಸ್ಥಾನದ ಮಹಾಲುಗಳಾಗಿದ್ದವು. 1949ರಲ್ಲಿ ಸಂಸ್ಥಾನವು ವಿಲೀನವಾಗುವವರೆಗೂ ಅಲ್ಲಿಯ ಕನ್ನಡ ರೈತರು ಕಂದಾಯ ಕೊಟ್ಟದ್ದು ಕೊಲ್ಹಾಪುರದ ದರಬಾರಕ್ಕೆ.

ಮಹಾರಾಜರು 1874ರ ಜೂನ್ 26ರಂದು ಕಾಗಲದ ಘಾಟಗೆ ಜಹಗೀರದಾರರ ಮನೆಯಲ್ಲಿ ಹುಟ್ಟಿದರು. ಹುಟ್ಟುಹೆಸರು ಯಶವಂತರಾವ. ಮೂರು ವರುಷದ ಕೂಸಿರುವಾಗಲೇ ತಾಯಿ ತೀರಿಕೊಂಡರು. ಕೊಲ್ಹಾಪುರದ ನಾಲ್ಕನೆಯ ಶಿವಾಜಿ ಮಹಾರಾಜರು ಸಂತಾನವಿಲ್ಲದೆ ಗತಿಸಲಾಗಿ, 1884ರ ಮಾರ್ಚಿಯಲ್ಲಿ ರಾಣಿ ಆನಂದೀಬಾಯಿಯವರು ಈ ಬಾಲಕನನ್ನು ದತ್ತಕ ತೆಗೆದುಕೊಂಡರು. ಮೊದಲು ರಾಜಕೋಟದ ರಾಜಕುಮಾರ ಕಾಲೇಜಿನಲ್ಲಿ ಓದಿ, 1890ರಿಂದ ನಾಲ್ಕು ವರುಷ ನಮ್ಮ ಧಾರವಾಡದಲ್ಲಿ ಸ್ಟುವರ್ಟ್ ಫ್ರೇಜರ್ ಸಾಹೇಬರ ಕೈಕೆಳಗೆ ವಿದ್ಯಾಭ್ಯಾಸ ಮಾಡಿದರು. ಇದೇ ಫ್ರೇಜರರು ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು. ಬೆಂಗಳೂರಿನ ಒಂದು ಬಡಾವಣೆಗೆ ಇಂದಿಗೂ ಅವರ ಹೆಸರಿದೆ. ಧಾರವಾಡವು ಒಬ್ಬ ಮಹಾರಾಜರನ್ನು ತಿದ್ದಿ ಬೆಳೆಸಿತೆಂಬ ಸಂಗತಿಯನ್ನು ಧಾರವಾಡದವರೇ ಇಂದು ಹೆಚ್ಚಾಗಿ ನೆನೆಯುವದಿಲ್ಲ.

1894ರ ಏಪ್ರಿಲ್ 2ರಂದು ರಾಜ್ಯಾಧಿಕಾರವು ಕೈಗೆ ಬಂದಾಗ ಅವರಿಗೆ ಇಪ್ಪತ್ತು ತುಂಬಿರಲಿಲ್ಲ. ಎತ್ತರದ ಆಳು, ಭಾರವಾದ ಮೈಕಟ್ಟು, ಬೇಟೆಯ ಹುಚ್ಚು; ಚಿರತೆಗಳನ್ನು ಪಳಗಿಸಿ ಬೇಟೆಗೆ ಬಿಡುವ ಪದ್ಧತಿಯೂ ಅವರ ಸಂಸ್ಥಾನದಲ್ಲಿ ಇದ್ದಿತು. ಕುಸ್ತಿಯನ್ನು ಅವರು ಗಾದಿಯ ಮೇಲೆ ಕುಳಿತು ನೋಡಿದವರಷ್ಟೇ ಅಲ್ಲ, ಯೌವನದಲ್ಲಿ ತಾವೇ ಲಂಗೋಟಿ ಕಟ್ಟಿ ಮಣ್ಣಿಗಿಳಿದವರು. ಈ ಒಂದು ಭೇದವು ಮುಂದಿನ ಎಲ್ಲದಕ್ಕೂ ಕಾರಣವಾಯಿತೆಂದು ನಮ್ಮ ಅಭಿಪ್ರಾಯ. ಪೈಲವಾನನಿಗೆ ಏನು ಬೇಕೆಂಬದನ್ನು ಅವರಿಗೆ ಕಾರಭಾರಿಗಳು ತಿಳಿಸಿಕೊಡಬೇಕಾದ ಅಗತ್ಯವಿರಲಿಲ್ಲ.

ಏನು ಬೇಕು? ಊರ ಜಾತ್ರೆಯಲ್ಲಿ ಕುಸ್ತಿ ನೋಡಿದ ವಾಚಕರಿಗೆ ಇದರ ಅರ್ಧ ಗೊತ್ತೇ ಇರುವದು. ಮಸಗುಪ್ಪಿಯಂಥ ಊರುಗಳಲ್ಲಿ ಗರಡಿಮನೆಯೆಂಬದು ಹನುಮಪ್ಪನ ಗುಡಿಯಷ್ಟೇ ಸಹಜವಾದ ವಸ್ತು. ಜಾತ್ರೆಯಲ್ಲಿ ಸಣ್ಣ ಹುಡುಗರಿಗೆ ತೆಂಗಿನಕಾಯಿಯ ಕುಸ್ತಿ, ದೊಡ್ಡವರಿಗೆ ಬೆಳ್ಳಿಯ ಕಡಗದ ಕುಸ್ತಿ. ಆದರೆ ಕಡಗ ಗೆದ್ದ ಹುಡುಗನು ಅಲ್ಲಿಂದ ಮುಂದೆ ಹೋಗಬೇಕಾದರೆ ಎಂಟು ಹತ್ತು ವರುಷ ದುಡಿಯದೆ ಉಣ್ಣಬೇಕು. ಹಾಲು, ತುಪ್ಪ, ಬದಾಮು ದಿನಾಲು ಬೇಕು. ದಂಡ ಬೈಠಕಗಳಿಗೆ ಮುಂಜಾವು ಸಂಜೆಗಳೆರಡೂ ಬೇಕು. ಡಾವುಗಳನ್ನು ಕಲಿಸುವ ವಸ್ತಾದನು ಬೇಕು. ಎಲ್ಲಕ್ಕೂ ಮಿಗಿಲಾಗಿ ತನಗಿಂತ ಬಲ್ಲವನಾದ ಜೋಡಿ ಬೇಕು. ಎರಡು ಎತ್ತಿನ ರೈತನ ಮನೆಯು ಇದನ್ನು ಪೂರೈಸಲಾರದು. ಮಗನ ತೋಳು ಬಲಿತೊಡನೆ ಅದು ಮಡಿಕೆ ಹಿಡಿಯಲೇಬೇಕಾಗುವದು. ನಮ್ಮ ಹಳ್ಳಿಗಳಲ್ಲಿ ಬಲಕ್ಕೆ ಕೊರತೆಯಿಲ್ಲ, ಬಲವು ಬೆಳೆಯಬೇಕಾದ ಕಾಲಕ್ಕೆ ಅನ್ನ ಹಾಕುವವರ ಕೊರತೆಯಿದೆ.

ಮಹಾರಾಜರು ಆ ಕೊರತೆಯನ್ನು ತುಂಬಿದರು. ತಾಲೀಮುಗಳಿಗೆ ಆಶ್ರಯ ಕೊಟ್ಟರು. ಪಂಜಾಬದ ಹಾಗೂ ಉತ್ತರದ ಹೆಸರಾಂತ ಮಲ್ಲರನ್ನು ಕರೆಸಿ ಸಂಸ್ಥಾನದ ಖರ್ಚಿನಿಂದ ಸಾಕಿದರು. ಸ್ಥಳೀಯ ಹುಡುಗರು ಅವರೊಡನೆ ಸೆಣಸಿ ಕಲಿಯುವಂತಾಯಿತು. ಇದೇ ಕಾಲಕ್ಕೆ ಅವರು ಕೊಲ್ಹಾಪುರದಲ್ಲಿ ವಿದ್ಯಾರ್ಥಿ ವಸತಿಗೃಹಗಳನ್ನು ಕಟ್ಟಿಸತೊಡಗಿದ್ದನ್ನು ಗಮನಿಸಬೇಕು. 1901ರಲ್ಲಿ ಮರಾಠಾ ಹಾಗೂ ಜೈನ ವಿದ್ಯಾರ್ಥಿಗಳಿಗೆ, ಮುಂದೆ ಮುಸಲ್ಮಾನ, ಲಿಂಗಾಯತ ಹಾಗೂ ಅಸ್ಪೃಶ್ಯರೆನಿಸಿದ ಸಮಾಜಗಳ ಮಕ್ಕಳಿಗೆ ಇಂಥ ಮನೆಗಳು ಆದವು. 1902ರ ಜುಲೈ 26ರಂದು ಹಿಂದುಳಿದವರಿಗೆ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50ನ್ನು ಮೀಸಲಿಟ್ಟ ಆಜ್ಞೆಯೂ, 1917ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯೂ ಬಂದವು. ಚರಿತ್ರಕಾರರು ಈ ಸುಧಾರಣೆಗಳನ್ನು ಒಂದು ಅಧ್ಯಾಯದಲ್ಲಿಯೂ ಕುಸ್ತಿಯನ್ನು ಅರಸರ ಹವ್ಯಾಸವೆಂದು ಇನ್ನೊಂದು ಅಧ್ಯಾಯದಲ್ಲಿಯೂ ಬರೆಯುತ್ತಾರೆ. ನಮಗೆ ಎರಡೂ ಒಂದೇ ವಿಚಾರದಿಂದ ಹುಟ್ಟಿದವೆಂದು ತೋರುತ್ತದೆ. ಹಳ್ಳಿಯ ಬಡ ಹುಡುಗನು ಪೇಟೆಗೆ ಬಂದು ಏನನ್ನಾದರೂ ಕಲಿಯಬೇಕಾದರೆ, ಅದು ಅಕ್ಷರವಿರಲಿ, ಡಾವು ಇರಲಿ, ಮೊದಲು ಅವನಿಗೆ ಇರಲಿಕ್ಕೆ ಒಂದು ಸೂರೂ ಎರಡು ಹೊತ್ತಿನ ಊಟವೂ ದೊರೆಯಬೇಕು.

1902ರಲ್ಲಿ ಏಳನೆಯ ಎಡ್ವರ್ಡ್ ಚಕ್ರವರ್ತಿಗಳ ಪಟ್ಟಾಭಿಷೇಕದ ನಿಮಿತ್ತ ಮಹಾರಾಜರು ವಿಲಾಯತಿಗೆ ಹೋದರು. ಆ ಪ್ರವಾಸದಲ್ಲಿ ರೋಮ್ ನಗರದ ಪುರಾತನ ಕ್ರೀಡಾಂಗಣವನ್ನು ಕಂಡದ್ದರಿಂದ ಖಾಸಬಾಗ ಮೈದಾನದ ಕಲ್ಪನೆ ಹುಟ್ಟಿತೆಂದು ಹೇಳುವದುಂಟು. 1907ರ ಸುಮಾರಿಗೆ ಕೆಲಸ ಹಿಡಿದು 1912ರಲ್ಲಿ ಮೈದಾನವು ಸಿದ್ಧವಾಯಿತು. ನೆಲವನ್ನು ಬಟ್ಟಲಿನಂತೆ ಅಗೆದು, ನಡುವೆ ಕೆಮ್ಮಣ್ಣಿನ ಕಣವನ್ನು ಎತ್ತರಿಸಿ, ಸುತ್ತಲೂ ಇಳಿಜಾರಾಗಿ ಜನರು ಕೂಡ್ರುವಂತೆ ಮಾಡಿದ್ದಾರೆ. ಹತ್ತಾರು ಸಾವಿರ ಜನರು ಕೂಡಿದರೂ ಕೊನೆಯ ಸಾಲಿನವನಿಗೆ ಮುಂದಿನವನ ರುಮಾಲು ಅಡ್ಡ ಬರುವದಿಲ್ಲ. ಮಗ್ಗಲಲ್ಲೇ 1915ರ ಹೊತ್ತಿಗೆ ನಾಟಕಗೃಹವೂ ಎದ್ದಿತು. ಈ ರಚನೆಯಲ್ಲಿ ನಮಗೆ ವಿಶೇಷವಾಗಿ ಕಾಣುವದು ಪ್ರೇಕ್ಷಕನಿಗೆ ಸಂದ ಮಾನ. ಕೊನೆಯ ಸಾಲಿನ ಒಕ್ಕಲಿಗನೂ ಡಾವನ್ನು ಸ್ಪಷ್ಟವಾಗಿ ನೋಡುವನು, ನೋಡಿ ಚರ್ಚಿಸುವನು, ಮನೆಗೆ ಹೋಗಿ ಮಗನಿಗೆ ಹೇಳುವನು. ಕಣ್ಣುಳ್ಳ ಪ್ರೇಕ್ಷಕರು ಬೆಳೆದ ಊರಿನಲ್ಲಿ ಸೋಗಿನ ಕುಸ್ತಿ ನಡೆಯುವದು ಕಠಿಣ.

ಮೈದಾನದ ಆರಂಭದ ಕುಸ್ತಿಗೆ ಇಮಾಮಬಕ್ಷನನ್ನು ಕರೆಸಲಾಗಿತ್ತು. ಈತನೂ ಈತನ ಅಣ್ಣ ಗಾಮಾನೂ 1910ರಲ್ಲಿ ಲಂಡನ್ನಿಗೆ ಹೋಗಿ ಬಂದವರು. ಅಲ್ಲಿ ಇಮಾಮಬಕ್ಷನು ಸ್ವಿಟ್ಜರ್ಲೆಂಡಿನ ಜಾನ್ ಲೆಮ್ಮನನ್ನು ಕೆಡವಿದನು. ಗಾಮಾನ ಎದುರು ಪೋಲೆಂಡಿನ ಝಬಿಸ್ಕೋನು ಗಂಟೆಗಟ್ಟಲೆ ನೆಲಕ್ಕಂಟಿಕೊಂಡು ಉಳಿದು, ಮರುಕುಸ್ತಿಗೆ ಬಾರದೆ ಹೋದನು. ಪರರ ಆಳಿಕೆಯಲ್ಲಿದ್ದು ಎಲ್ಲದರಲ್ಲಿಯೂ ಹಿಂದೆಂದು ಎನಿಸಿಕೊಂಡಿದ್ದ ಕಾಲದಲ್ಲಿ ಈ ಒಂದು ವಿದ್ಯೆಯಲ್ಲಿ ಭಾರತೀಯರು ಜಗತ್ತಿನ ಮುಂದಿದ್ದರು. ಕಾರಣವು ಗುಪ್ತವಲ್ಲ. ಹಳ್ಳಿಯ ಗರಡಿಯಿಂದ ಹಿಡಿದು ಅರಸರ ಓಲಗದವರೆಗೆ ಏರಲು ಒಂದು ಏಣಿ ಈ ವಿದ್ಯೆಗೆ ಮಾತ್ರ ಇದ್ದಿತು.

ಏಣಿಯಿಲ್ಲದ ವಿದ್ಯೆಯ ಪಾಡು ಏನಾಗುವದೆಂಬದಕ್ಕೆ ನಮ್ಮ ಬೆಳಗಾವಿಯೇ ಸಾಕ್ಷಿ. ಮಹಾರಾಜರು ಇನ್ನೂ ಬದುಕಿದ್ದಾಗ, 1920ರಲ್ಲಿ, ಸರ್ ದೋರಾಬ್ಜಿ ಟಾಟಾ ಅವರ ಪ್ರಯತ್ನದಿಂದ ಭಾರತದ ಚಿಕ್ಕ ತಂಡವೊಂದು ಬೆಲ್ಜಿಯಮ್ಮಿನ ಆಂಟ್ವರ್ಪಿಗೆ ಹೋಯಿತು. ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಇದ್ದರು. ಅಲ್ಲಿಯ ಮ್ಯಾರಥಾನ್ ಓಟವು 42.75 ಕಿಲೋಮೀಟರು. ಚೌಗುಲೆಯವರು ಅದನ್ನು 2 ಗಂಟೆ 50 ಮಿನಿಟುಗಳಲ್ಲಿ ಓಡಿ 19ನೆಯವರಾಗಿ ಮುಗಿಸಿದರು. ಗೆದ್ದವನು ಫಿನ್ಲೆಂಡಿನ ಕೋಲೆಮೈನೆನ್. ಸುಮಾರು 30 ಲಕ್ಷ ಜನರ, ಸ್ವತಂತ್ರವಾಗಿ ಮೂರು ವರುಷವೂ ಆಗದ ಆ ಪುಟ್ಟ ದೇಶವು ಅಂದು 34 ಪದಕಗಳನ್ನು ಒಯ್ದಿತು. ಚೌಗುಲೆಯವರ ಸ್ಥಾನವನ್ನು ಮೀರಿ ಇನ್ನೊಬ್ಬ ಭಾರತೀಯನು ಏರಬೇಕಾದರೆ 1976ರ ವರೆಗೆ, ಶಿವನಾಥಸಿಂಗರು 11ನೆಯವರಾಗುವ ವರೆಗೆ, ಕಾಯಬೇಕಾಯಿತು. ಅವರ ಹಿಂದೆ ಬೆಳಗಾವಿಯಲ್ಲಿ ಓಟಗಾರರ ಪರಂಪರೆ ಬೆಳೆಯಲಿಲ್ಲ. ಓಟಕ್ಕೆ ನಮ್ಮಲ್ಲಿ ತಾಲೀಮು ಇರಲಿಲ್ಲ, ವಸ್ತಾದನಿರಲಿಲ್ಲ, ಕಡಗ ಕೊಡುವವರೂ ಇರಲಿಲ್ಲ.

ಶಾಹು ಮಹಾರಾಜರು 1922ರ ಮೇ 6ರಂದು ಮುಂಬಯಿಯಲ್ಲಿ ಕಾಲವಾದರು. ವಯಸ್ಸು ನಲವತ್ತೆಂಟೂ ತುಂಬಿರಲಿಲ್ಲ. ರಾಜಕೀಯದಲ್ಲಿ ಅವರು ಬ್ರಿಟಿಷ ಸರಕಾರದ ಮಿತ್ರರಾಗಿಯೇ ಉಳಿದರು; ವೇದೋಕ್ತದ ವಾದದಿಂದ ಮೊದಲುಗೊಂಡು ಲೋಕಮಾನ್ಯ ಟಿಳಕರ ಪಕ್ಷಕ್ಕೂ ಅವರಿಗೂ ನಡೆದ ವಿರೋಧವು ಪ್ರಸಿದ್ಧವೇ ಇದೆ. ಅದನ್ನು ಮರೆಮಾಚುವ ಇಚ್ಛೆ ನಮಗಿಲ್ಲ. ಅವರ ಕ್ರೀಡಾಶ್ರಯದಲ್ಲಿಯೂ ಊನಗಳಿದ್ದವು. ಅದು ಒಂದೇ ವಿದ್ಯೆಗೆ ಒಲಿದ ಆಶ್ರಯ. ಗಂಡಸರಿಗಷ್ಟೇ ದೊರೆತ ಆಶ್ರಯ. ಅರಸರ ಮನಸ್ಸಿನ ಮೇಲೆ ನಿಂತ ಆಶ್ರಯ.

ಆದರೂ ಬಿತ್ತಿದ್ದು ಬೆಳೆಯಿತು. ಸಾತಾರೆ ಜಿಲ್ಲೆಯ ಕರಾಡದ ಹತ್ತಿರದ ಗೋಳೇಶ್ವರದಲ್ಲಿ 1926ರಲ್ಲಿ, ಅಂದರೆ ಮಹಾರಾಜರು ತೀರಿದ ನಾಲ್ಕು ವರುಷಕ್ಕೆ, ಕುಸ್ತಿಯಾಳಿನ ಮಗನಾಗಿ ಖಾಶಾಬಾ ಜಾಧವರು ಹುಟ್ಟಿದರು. ಓದಲಿಕ್ಕೆಂದು ಸೇರಿದ್ದು ಕೊಲ್ಹಾಪುರದ ರಾಜಾರಾಮ ಕಾಲೇಜನ್ನು. 1948ರಲ್ಲಿ ಕೊಲ್ಹಾಪುರದ ಅಂದಿನ ಮಹಾರಾಜರ ಹಣದಿಂದ ಲಂಡನ್ನಿನ ಒಲಿಂಪಿಕ್ಕಿಗೆ ಹೋದರು. ಕೆಮ್ಮಣ್ಣಿನಲ್ಲಿ ಬೆಳೆದ ಕಾಲಿಗೆ ಅಲ್ಲಿಯ ಮೆತ್ತೆಯ ಕಣವು ಹೊಸದು, ನಿಯಮಗಳು ಹೊಸವು. ಆರನೆಯ ಸ್ಥಾನ ಬಂದಿತು. ನಾಲ್ಕು ವರುಷಗಳ ಮೇಲೆ ಹೆಲ್ಸಿಂಕಿಗೆ ಹೊರಡಬೇಕಾದಾಗ ಸಂಸ್ಥಾನವೂ ಇರಲಿಲ್ಲ, ಅರಸರ ಬೊಕ್ಕಸವೂ ಇರಲಿಲ್ಲ, ಹೊಸ ಸರಕಾರಕ್ಕೆ ಇದು ತನ್ನ ಕೆಲಸವೆಂಬ ಅರಿವು ಇನ್ನೂ ಮೂಡಿರಲಿಲ್ಲ. ಊರವರು ವಂತಿಗೆ ಎತ್ತಿದರು. ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿಗಳನ್ನು ಒದಗಿಸಿದರು. 1952ರ ಜುಲೈಯಲ್ಲಿ ಜಾಧವರು ಕಂಚಿನ ಪದಕವನ್ನು ಗೆದ್ದರು. ಸ್ವತಂತ್ರ ಭಾರತಕ್ಕೆ ವ್ಯಕ್ತಿಯೊಬ್ಬನಿಂದ ದೊರೆತ ಮೊದಲನೆಯ ಒಲಿಂಪಿಕ್ ಪದಕವದು. ಎರಡನೆಯದು ಬಂದದ್ದು 1996ರಲ್ಲಿ. ಮರಳಿ ಬಂದ ಮೇಲೆ ಜಾಧವರು ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಸಾಲ ತೀರಿಸಿದರು. ಕುಸ್ತಿಗೆ ಚೀಟಿ ಕೊಂಡು ಬರುವ ಜನರು ಕೊಲ್ಹಾಪುರದ ಸೀಮೆಯಲ್ಲಿ ಇದ್ದುದರಿಂದಲೇ ಒತ್ತೆಯ ಮನೆ ಬಿಡಿಸಲು ಸಾಧ್ಯವಾಯಿತೆಂಬದನ್ನು ಮರೆಯಲಾಗದು.

ಈ ಬೆಳೆಯಲ್ಲಿ ನಮ್ಮ ಜಿಲ್ಲೆಯ ಪಾಲೂ ಇದೆ. ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕುಸ್ತಿಯನ್ನೇ ನಂಬಿ ಕೊಲ್ಹಾಪುರಕ್ಕೆ ಹೋಗಿ ಅಲ್ಲಿಯ ಶಾಹುಪುರಿ ತಾಲೀಮಿನಲ್ಲಿ ಪಳಗಿದರು. 1959ರಲ್ಲಿ ದಿಲ್ಲಿಯ ಕಣದಲ್ಲಿ ಪಂಜಾಬದ ಬಂತಾಸಿಂಗನನ್ನು ಸೋಲಿಸಿ ಮೊಟ್ಟಮೊದಲನೆಯ ಹಿಂದ್ ಕೇಸರಿಯಾದರು. 2020ರ ಡಿಸೆಂಬರದಲ್ಲಿ ಅವರು ತೀರಿಕೊಳ್ಳುವ ವರೆಗೂ ಜನರು ಅವರನ್ನು ಗುರುತಿಸಿದ್ದು ಕೊಲ್ಹಾಪುರದ ಪೈಲವಾನರೆಂದೇ. ಬೆಳಗಾವಿ ಜಿಲ್ಲೆಯ ಹುಡುಗನೊಬ್ಬನು ಬೆಳಗಾವಿಯಲ್ಲಿಯೇ ಇದ್ದು ಹಿಂದ್ ಕೇಸರಿಯಾಗಬೇಕಾದರೆ ಅಂದು ಅವನಿಗೆ ಅನ್ನ ಹಾಕುವ ತಾಲೀಮು ಯಾವದಿತ್ತೆಂದು ಜಿಲ್ಲೆಯ ಹಿರಿಯರನ್ನು ನಾವು ಕೇಳಬಯಸುತ್ತೇವೆ.