ಸೋಫಿ ಜೆರ್ಮೇನ್

1776ರ ಏಪ್ರಿಲ್ 1ರಂದು ಪ್ಯಾರಿಸಿನ ರೇಷ್ಮೆ ವರ್ತಕನೊಬ್ಬನ ಮನೆಯಲ್ಲಿ ಸೋಫಿ ಜೆರ್ಮೇನ್ ಜನಿಸಿದಳು. ಆಕೆಗೆ ಹದಿಮೂರು ತುಂಬಿದ ವರ್ಷವೇ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಮನೆಯೊಳಗೇ ಉಳಿದ ಬಾಲಿಕೆ ತಂದೆಯ ಪುಸ್ತಕಭಂಡಾರದಲ್ಲಿ ಆರ್ಕಿಮಿಡೀಸನ ಕಥೆಯನ್ನೋದಿ ಗಣಿತಕ್ಕೆ ಮನಸೋತಳು. ತಾಯಿತಂದೆಗಳು ರಾತ್ರಿ ದೀಪವನ್ನು ತೆಗೆದಿಟ್ಟರೂ ಬಚ್ಚಿಟ್ಟ ಮೇಣದಬತ್ತಿಯ ಬೆಳಕಿನಲ್ಲಿ ಓದಿದಳೆಂದು ಹೇಳುತ್ತಾರೆ. 1794ರಲ್ಲಿ ಸ್ಥಾಪಿತವಾದ ಎಕೋಲ್ ಪಾಲಿಟೆಕ್ನಿಕ್ ವಿದ್ಯಾಲಯದಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಆಕೆ ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು, ಲೆಬ್ಲಾಂ ಎಂಬ ಪುರುಷನಾಮದಿಂದ ಪ್ರಾಧ್ಯಾಪಕ ಲಗ್ರಾಂಜನಿಗೆ ಲೇಖನವನ್ನು ಕಳುಹಿದಳು. ನಿಜವನ್ನರಿತ ಮೇಲೂ ಆತನು ಆಕೆಯನ್ನು ಪ್ರೋತ್ಸಾಹಿಸಿದನು.

ಜರ್ಮನಿಯ ಕ್ಲಾಡ್ನಿ ಎಂಬಾತನು ತೆಳುವಾದ ತಗಡಿನ ಮೇಲೆ ಮರಳು ಚೆಲ್ಲಿ, ಅದರ ಅಂಚಿಗೆ ಪಿಟೀಲಿನ ಕಮಾನು ಎಳೆದು ತೋರಿಸುತ್ತಿದ್ದನು. ತಗಡು ಕಂಪಿಸಿದೊಡನೆ ಮರಳು ರಂಗವಲ್ಲಿಯಂತೆ ರೇಖೆಗಳಾಗಿ ಕೂಡುತ್ತಿತ್ತು. ಇದರ ಗಣಿತವನ್ನು ಬಿಡಿಸಿದವರಿಗೆ ಬಹುಮಾನವೆಂದು ಫ್ರಾನ್ಸಿನ ವಿದ್ವತ್ಸಂಸ್ಥೆಯು 1809ರಲ್ಲಿ ಸಾರಿತು. 1811ರಲ್ಲಿ ಬಂದ ಪ್ರಬಂಧ ಸೋಫಿಯದೊಂದೇ. ಅದರಲ್ಲಿ ತಪ್ಪುಗಳಿದ್ದುದರಿಂದ ಬಹುಮಾನ ದೊರೆಯಲಿಲ್ಲ. ಆದರೆ ಆಕೆಯ ಊಹೆಯನ್ನೇ ಆಧರಿಸಿ ಲಗ್ರಾಂಜನು ಸಮೀಕರಣವನ್ನು ಸರಿಪಡಿಸಿದನು. 1813ರಲ್ಲಿ ಪ್ರಶಂಸೆ ಮಾತ್ರ ಲಭಿಸಿತು. 1816ರಲ್ಲಿ ಮೂರನೆಯ ಪ್ರಬಂಧಕ್ಕೆ ಬಹುಮಾನ ಸಂದಿತು. 1831ರಲ್ಲಿ ಸೋಫಿ ತೀರಿಕೊಂಡಳು. ಆಕೆಯ ಸಿದ್ಧಾಂತದಲ್ಲಿ ತಗಡಿನ ಅಂಚಿನ ವಿಷಯವಾಗಿ ಉಳಿದಿದ್ದ ಕೊರತೆಯನ್ನು 1850ರಲ್ಲಿ ಕಿರ್ಖಾಫನು ನೀಗಿದನು.

2004ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿದ ಗ್ರಾಫೀನು, ಒಂದೇ ಪರಮಾಣುವಿನಷ್ಟು ದಪ್ಪವಿರುವ ಇಂಗಾಲದ ಹಾಳೆ. ಅಂತಹ ಹಾಳೆ ಎಷ್ಟು ಬಾಗೀತು, ಹೇಗೆ ಕಂಪಿಸೀತು ಎಂದು ಗಣಕಯಂತ್ರದಲ್ಲಿ ಲೆಕ್ಕ ಹಾಕುವವರು, ಪರಮಾಣುಗಳ ಲೆಕ್ಕದೊಡನೆ ತಗಡಿನ ಸಮೀಕರಣವನ್ನೂ ಬಳಸುತ್ತಾರೆ. ಅದರ ಬೇರು ಆ ಮೂರು ಪ್ರಬಂಧಗಳಲ್ಲಿದೆ. ಎರಡು ಬಾರಿ ಕೈಗೂಡದ ಲೆಕ್ಕವನ್ನು ಮೂರನೆಯ ಬಾರಿ ಕೈಗೆತ್ತಿಕೊಂಡ ಈ ವಿದುಷಿಯನ್ನು ವಿದ್ಯಾರ್ಥಿಗಳು ಮರೆಯಬಾರದು.