ಗಾನಯೋಗಿ ಪಂಚಾಕ್ಷರ ಗವಾಯಿಗಳ ಬಾಲ್ಯ

1892ರಲ್ಲಿ ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಸಹೋದರ ಗುರುಬಸಯ್ಯನಿಗೂ ಇರಲಿಲ್ಲ. ಇಬ್ಬರಿಗೂ ಹಾಡುವುದೆಂದರೆ ಪ್ರಾಣ. ಇಂತಹ ಬಾಲಕರ ಹಾಡಿಗೆ ಮರುಗಿ ಒಂದು ಕಾಸು ಕೊಟ್ಟು ಮುಂದೆ ಸಾಗುವುದು ಲೋಕರೂಢಿ. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರಾದರೋ ನಿಂತು ಆಲಿಸಿದರು; ಆ ಕಂಠಗಳಲ್ಲಿ ವಿದ್ಯೆಯ ಹಸಿವನ್ನು ಗುರುತಿಸಿ ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಮಗುವಿನ ಹಂಬಲವನ್ನು ಪೋಷಿಸಲು ಹಿರಿಯನು ತಾನೇ ಆ ವಿದ್ಯೆಯಲ್ಲಿ ಪಂಡಿತನಾಗಿರಬೇಕೆಂಬ ನಿಯಮವೇನಿದೆ? ಯೋಗ್ಯ ಗುರುವನ್ನು ಅರಸಿಕೊಟ್ಟರಾಯಿತು. ಅಂತೆಯೇ ಗದಿಗೆಯ್ಯನಿಗೆ ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು. ಮಿರಜದ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಗಾಯನವೂ ದೊರೆಯಿತು. ಉಭಯ ಪದ್ಧತಿಗಳಲ್ಲಿಯೂ ನುರಿತ ಪಂಚಾಕ್ಷರ ಗವಾಯಿಗಳು ರೂಪುಗೊಂಡುದು ಹೀಗೆ.

1914ರಲ್ಲಿ ತೊಡಗಿದ ವೀರೇಶ್ವರ ಪುಣ್ಯಾಶ್ರಮವು ಮುಂದೆ ಗದಗಿನಲ್ಲಿ ನೆಲೆನಿಂತಿತು. ಅಂಧ, ಅನಾಥ ಮಕ್ಕಳಿಗೆ ಅಲ್ಲಿ ಅನ್ನವೂ ಸಂಗೀತವೂ ಒಟ್ಟಿಗೆ ದೊರೆತವು. ಅದಕ್ಕಾಗಿ ಗವಾಯಿಗಳು ನಾಟಕ ಮಂಡಳಿಯನ್ನೂ ನಡೆಸಬೇಕಾಯಿತು.

ದೇವಗಿರಿಯ ಪುಟ್ಟಯ್ಯನೆಂಬ ಬಾಲಕನೂ ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡವನು. ಸೋದರಮಾವನ ಹಾರ್ಮೋನಿಯಂ ಮೇಲೆ ಅವನ ಬೆರಳುಗಳು ಆಡುತ್ತಿದ್ದುದನ್ನು ಗಮನಿಸಿದ ಆ ಮಾವನೇ ಅವನನ್ನು ಗವಾಯಿಗಳ ಬಳಿಗೆ ಕರೆತಂದನು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವನ್ನು ಹೊತ್ತವನು ಆ ಪುಟ್ಟಯ್ಯನೇ. ಪುಟ್ಟರಾಜ ಗವಾಯಿಗಳೆಂದು ಪ್ರಸಿದ್ಧರಾದ ಅವರು 2010ರವರೆಗೂ ಅದೇ ಅಂಗಳದಲ್ಲಿ ಮಕ್ಕಳ ಹಾಡನ್ನು ಆಲಿಸಿದರು.